ಬೀರಣ್ಣ ಮತ್ತು ಏಳು ಕಂಬಳಿ

ಉಸಿರಾಡುವ ಯಾವುದನ್ನೂ ಬೀರಣ್ಣ ಎಣಿಸುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದು ನಮ್ಮ ಹೈಸ್ಕೂಲಿನ ಹುಡುಗರು ಸಾಲು ಹಿಡಿದು ತರಗತಿಗಳಿಗೆ ಹೋಗುವಾಗ ಅವನು ಗಂಟೆಯ ಕೆಳಗೆ ಕಬ್ಬಿಣದ ಸಲಾಕೆ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಿದ್ದ. ನಾನು ಹಾಜರಿ ಪುಸ್ತಕ ತೆರೆಯುವಷ್ಟರಲ್ಲಿ ಬಾಗಿಲಿಗೆ ಬಂದು ಹೇಳುತ್ತಿದ್ದ:

"ಕಿವಿ ಸೋರೋ ಹುಡುಗ ಬಂದಿಲ್ಲ ಸಾ. ಕಿಟಕಿ ತಾವ ಕುಂತ್ಕಳೋನೂ ಬಂದಿಲ್ಲ, ಅವನ ಅಕ್ಕನ ಮದುವೆ."

"ಒಟ್ಟು ಎಷ್ಟು ಜನ ಬಂದವ್ರೆ ಬೀರಣ್ಣ?"

"ಬರದೋರನ್ನ ಹೇಳಿದ್ನಲ್ಲ ಸಾ. ಉಳಿದೋರು ಅವ್ರೆ."

ನಾನು ಒಂದೊಂದೇ ಹೆಸರು ಕೂಗಿ, ಗುರುತು ಹಾಕಿ, ಕೊನೆಗೆ ಕೂಡಿ ನೋಡಿದರೆ ಗೈರುಹಾಜರಾದವರು ಅವರಿಬ್ಬರೇ. ಎರಡು ವರ್ಷದಲ್ಲಿ ಒಂದು ದಿನವೂ ಅವನ ಮಾತು ತಪ್ಪಿದ್ದು ನನಗೆ ನೆನಪಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಚಿತ್ರದುರ್ಗದಲ್ಲಿ ಕನ್ನಡ ಮೇಷ್ಟ್ರಾಗಿ ಸೇರಿದ್ದೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬೀರಣ್ಣ ಅದೇ ಶಾಲೆಯಲ್ಲಿ ಹಂಗಾಮಿ ಜವಾನ. ಐವತ್ತು ದಾಟಿದ್ದ. ಮದಕರಿಪುರದಿಂದ ದಿನವೂ ನಡೆದೇ ಬರುತ್ತಿದ್ದ. ಶಾಲೆಗೆ ಸೇರುವ ಮೊದಲು ಹುಟ್ಟಿದಾಗಿನಿಂದ ಕುರಿ ಹಿಂದೆ ತಿರುಗಿದವನು. ಒಂದು ಮಳೆಗಾಲ ರೋಗ ಬಂದು ಅವನ ಮಂದೆ ಹದಿನೈದು ದಿನದಲ್ಲಿ ಖಾಲಿಯಾಯಿತಂತೆ. ಆ ಮಾತನ್ನು ಅವನು ಉದ್ದ ಮಾಡಿ ಹೇಳಿದವನಲ್ಲ. ಆದರೆ ಕಸ ಗುಡಿಸುತ್ತಲೋ, ನೀರಿನ ಕೊಡ ಹೊರುತ್ತಲೋ ಇದ್ದಾಗ ಇದ್ದಕ್ಕಿದ್ದಂತೆ, "ಈ ಬಿಸಿಲಿಗೆ ನಮ್ಮ ಮುರುಗಿವಿ ನಿಲ್ತಿರಲಿಲ್ಲ ಸಾ, ಹುಣಸೆ ಮರ ಹುಡುಕ್ಕಂಡು ಹೋಗಿ ಮಲಗಿಬಿಡ್ತಿತ್ತು" ಅನ್ನುತ್ತಿದ್ದ. ಯಾರೋ ಬಂಧುವಿನ ಸುದ್ದಿ ಎತ್ತಿದ ಹಾಗೆ. ಮುರುಗಿವಿ ಅಂದರೆ ಕಿವಿ ಮುರುಟಿದ್ದ ಅವನ ಒಂದು ಕುರಿ ಎಂದು ನನಗೆ ತಿಳಿಯಲು ಒಂದು ವಾರ ಬೇಕಾಯಿತು.

ಯಾಕೆ ಎಣಿಸುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. ಅವನಿಗೆ ನಗು ಬಂತು.

"ಎಣಿಸಾಕೆ ಅವೇನು ಕುಳ್ಳೇನ್ ಸಾ, ಗೋಡೆಗೆ ಬಡಿಯೋವು? ನಮ್ಮಪ್ಪ ಬೆಳಿಗ್ಗೆ ಎದ್ದು ಕುರಿ ರೊಪ್ಪದ ಬಾಯಾಗೆ ನಿಂತ್ಕಳೋನು. ಮುಳ್ಳು ಸರಿಸೋನು. ಒಂದೊಂದೇ ಈಚೆ ಬರ್ತವೆ. ಮುಖ ನೋಡೋನು, ಅಷ್ಟೇಯ. ಬರದಿದ್ದು ಯಾವ್ದು ಅಂತ ತಾನೇ ಎದೆಗೆ ಹೊಳೀತದೆ. ಲೆಕ್ಕ ಬಾಯಾಗೆ ಆಡಬಾರದು ಅಂತಿದ್ದ. ಆಡಿದ್ರೆ ಮಂದೆ ಕರಗ್ತದೆ ಅಂತ."

"ನೀನೂ ನಂಬ್ತೀಯಾ ಅದನ್ನ?"

"ನಂಬೋದು ಬಿಡ್ರಿ. ಮುಖ ನೋಡೋದು ಅಭ್ಯಾಸ ಆಗಿ ಹೋಗೈತೆ."

ಅವನಿಗೂ ನನಗೂ ಸಲುಗೆ ಬೆಳೆದದ್ದು ಹೀಗೆ. ನನಗೆ ಮಾತು ಕಲಿಸಿದ್ದು ನಮ್ಮ ಅಜ್ಜಿ ಮತ್ತು ಅವಳ ಓರಗೆಯವರು. ಬೀರಣ್ಣನ ಬಾಯಲ್ಲಿ ಅದೇ ಮಾತು ಕೇಳಿದಾಗ ಊರಿಗೆ ಹೋಗಿ ಬಂದಷ್ಟು ಹಿತವಾಗುತ್ತಿತ್ತು. ಮಧ್ಯಾಹ್ನ ಅವನ ರೊಟ್ಟಿಯಲ್ಲಿ ನನಗೆ ಅರ್ಧ, ನನ್ನ ಚಿತ್ರಾನ್ನದಲ್ಲಿ ಅವನಿಗೆ ಅರ್ಧ.

ಆ ವರ್ಷ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಸಿಕ್ಕಿಂನ ಹಿಮದ ಬೆಟ್ಟಗಳ ನಡುವೆ ಹೊಸದಾಗಿ ಒಂದು ರಾಷ್ಟ್ರೀಯ ಉದ್ಯಾನ ಮಾಡಿದ್ದಾರೆ, ಅಲ್ಲಿಗೆ ರಸ್ತೆಯಿಲ್ಲ, ದಿನಗಟ್ಟಲೆ ನಡೆದೇ ಹೋಗಬೇಕು ಎಂದು. ಅದನ್ನು ಕತ್ತರಿಸಿ ಮೇಷ್ಟ್ರ ಕೊಠಡಿಯ ಗೋಡೆಗೆ ಅಂಟಿಸಿದವರು ಭೂಗೋಳದ ರುದ್ರಮುನಿ ಮೇಷ್ಟ್ರು. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು. ಶಿಸ್ತಿನ ಮನುಷ್ಯ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲಿ.

"ದಸರಾ ರಜಕ್ಕೆ ಹೋಗಾಣ" ಅಂದರು.

ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ನಮ್ಮಲ್ಲಿ ತಿರುಪತಿಗಿಂತ ಆಚೆ ಹೋದವರೇ ಇರಲಿಲ್ಲ. ಮೇಷ್ಟ್ರು ನಗಲಿಲ್ಲ. ಕಪ್ಪು ಹಲಗೆಯ ಮೇಲೆ ಚಿಕ್ಕಜಾಜೂರು ಎಂದು ಬರೆದು ಒಂದು ಗೆರೆ ಎಳೆದರು. ಗೆರೆಯ ಮೇಲೆ ಮದ್ರಾಸು, ಕಲ್ಕತ್ತ, ಸಿಲಿಗುರಿ. ಆಮೇಲೆ ಗೆರೆ ನಿಂತು ಚುಕ್ಕೆಗಳು ಶುರುವಾದವು. "ಇಲ್ಲಿಂದ ಮುಂದೆ ಕಾಲು" ಅಂದರು. ಆ ಚುಕ್ಕೆಗಳು ನನ್ನ ಮೈಯಲ್ಲಿ ಏನೋ ಮಾಡಿದವು.

ಚಹಾ ತಂದ ಬೀರಣ್ಣ ಗೋಡೆಯ ಚಿತ್ರದ ಮುಂದೆ ನಿಂತುಬಿಟ್ಟಿದ್ದ. ಕಡಿದಾದ ಬಂಡೆಯ ಮೇಲೆ ನಾಲ್ಕೈದು ಬೂದು ಪ್ರಾಣಿಗಳ ಮಸುಕು ಚಿತ್ರ ಅದು.

"ಇವು ಯಾರ ಕುರಿ ಸಾ?"

"ಯಾರವೂ ಅಲ್ಲ. ಕಾಡು ಕುರಿ. ನೀಲಿ ಕುರಿ ಅಂತಾರೆ" ಅಂದರು ರುದ್ರಮುನಿ ಮೇಷ್ಟ್ರು.

"ಯಾರವೂ ಅಲ್ಲ ಅಂದ್ರೆ? ಉಣ್ಣೆ ಯಾರು ಕತ್ತರಿಸ್ತಾರೆ?"

"ಯಾರೂ ಇಲ್ಲ ಕಣಯ್ಯ."

"ತೋಳ ಬಂದ್ರೆ?"

"ಬಂದ್ರೆ ಹಿಡೀತದೆ. ಮನುಷ್ಯ ಅದ್ರಾಗೆ ಕೈ ಹಾಕಬಾರದು ಅಂತಾನೇ ಸರ್ಕಾರ ಅದನ್ನ ಉದ್ಯಾನ ಮಾಡಿರೋದು."

ಬೀರಣ್ಣ ಚಹಾದ ತಟ್ಟೆ ಹಿಡಿದುಕೊಂಡೇ ನಿಂತಿದ್ದ. "ನಾಯಿ ಇಲ್ಲ, ಕಾಯೋನಿಲ್ಲ, ಅಷ್ಟು ಮಂಜಿನಾಗೆ... ಹೆಂಗೆ ಉಳ್ಕಂಡವೆ ಸಾ?"

ಮಾರನೆಯ ದಿನ ಅವನು ನನ್ನನ್ನು ಪಕ್ಕಕ್ಕೆ ಕರೆದು, ತಾನೂ ಬರಬಹುದಾ ಎಂದು ಕೇಳಿದ. ಅಡುಗೆ ಮಾಡುತ್ತೇನೆ, ಹೊರೆ ಹೊರುತ್ತೇನೆ. "ಒಂದು ಸಲ ಆ ಕುರಿ ಮುಖ ನೋಡಬೇಕು ಸಾ" ಅಂದ. ಅವನು ಯಾರನ್ನೂ ಏನನ್ನೂ ಕೇಳಿದ್ದು ನಾನು ಅದೇ ಮೊದಲು ನೋಡಿದ್ದು.

ಹೀಗೆ ಏಳು ಜನರ ಗುಂಪಾಯಿತು. ರುದ್ರಮುನಿ ಮೇಷ್ಟ್ರು, ನಾನು, ಡ್ರಾಯಿಂಗ್ ಮೇಷ್ಟ್ರು ಗೋಪಾಲಪ್ಪ, ಪೇಟೆಯ ಒಬ್ಬ ದಪ್ಪನೆಯ ಕಾಂಪೌಂಡರು, ಬ್ಯಾಂಕಿನ ಇಬ್ಬರು ಗುಮಾಸ್ತರು, ಬೀರಣ್ಣ. ಪರವಾನಗಿಗಾಗಿ ಏಳೂ ಹೆಸರು ಬರೆದು ಸಿಕ್ಕಿಂಗೆ ಅರ್ಜಿ ಕಳಿಸಿದೆವು. ಬೆಳಗಿನ ಜಾವ ಕೋಟೆ ಹತ್ತಿ ಇಳಿಯುವುದು ಶುರುವಾಯಿತು.

ಹೊದೆಯುವುದಕ್ಕೆ ಏನು ಎಂಬ ಚರ್ಚೆ ಬಂದಾಗ ಬೀರಣ್ಣ ಕಂಬಳಿ ಅಂದ. ಅವನ ಷಡ್ಡಕ ಮಗ್ಗದವನು. ಏಳಕ್ಕೆ ಏಳೂ ಒಂದೇ ಅಳತೆಯ ಕರಿ ಕಂಬಳಿ ನೇಯ್ದು ಕೊಟ್ಟ.

"ಇದನ್ನ ಹೊದ್ದು ಹೋದ್ರೆ ಅಲ್ಲಿಯೋರು ಕರಡಿ ಅಂತ ಗುಂಡು ಹೊಡೀತಾರೆ ಬೀರಣ್ಣ" ಅಂದ ಗುಮಾಸ್ತರಲ್ಲೊಬ್ಬ.

"ನೀವು ಸ್ವೆಟರ್ ಹಾಕ್ಕಳ್ರಿ ಸಾ. ನಾನು ಕಂಬಳಿ ಕೊಪ್ಪೆ ಹಾಕ್ಕಂತೀನಿ. ಇಬ್ರೂ ಒಂದು ದಿನ ಮಳ್ಯಾಗೆ ನಿಂತ್ಕಳಾಣ. ಸಂಜೆಗೆ ಯಾರು ಕರಡಿ ಹಂಗೆ ಗುರುಗುಡ್ತಾರೆ ನೋಡಾಣ."

ತಲೆಯ ಮೇಲಿಂದ ಮಡಿಚಿ ಬೆನ್ನು, ಭುಜ ಎಲ್ಲ ಮುಚ್ಚುವಂತೆ ಕೊಪ್ಪೆ ಹಾಕುವುದನ್ನು ನಮಗೆಲ್ಲ ಅವನೇ ಕಲಿಸಿದ. ಹುರಿಟ್ಟು, ಬೆಲ್ಲ, ಶೇಂಗಾ ಕಟ್ಟಿಕೊಳ್ಳುವುದನ್ನೂ. ದಾರಿ ನೋಡುವವನು ಮುಂದೆ ಒಬ್ಬನೇ ಹೋಗಿ ತಿರುಗಿ ಬಂದು ಹೇಳಬೇಕು ಎನ್ನುವುದು ಕುರಿಗಾರರ ಪದ್ಧತಿ. ಅದೂ ನಮ್ಮ ಪದ್ಧತಿಯಾಯಿತು.

ಹೊಳಲ್ಕೆರೆ ಕಡೆಯ ರಾಮಗಿರಿ ಬೆಟ್ಟಕ್ಕೆ ಹೋದ ದಿನ ಅವನು ಕಾಂಪೌಂಡರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ಆ ಮನುಷ್ಯ ನಾಲ್ಕು ಮೆಟ್ಟಿಲಿಗೆ ಒಮ್ಮೆ ನಿಲ್ಲುತ್ತಿದ್ದರು. ಹಿಂದೆ ಗುಮಾಸ್ತರು ಗೊಣಗಿದರು.

"ಇವ್ರ ಹಿಂದೆ ಹೋದ್ರೆ ಹಿಮ ಕರಗಿ ಹೋದ್ಮೇಲೆ ತಲುಪ್ತೀವಿ."

"ಮರಿ ಹಾಕಿದ ಕುರಿ ಹೆಂಗೆ ನಡೀತದೋ ಮಂದೆ ಹಂಗೇ ನಡೀಬೇಕು ಸಾ" ಅಂದ ಬೀರಣ್ಣ. "ಹಿಂದೆ ಬಿಟ್ರೆ ಅವ್ರಿಗೆ ಕಾಲು ಸೋಲೋ ಮುಂಚೆ ಮನಸ್ಸು ಸೋಲ್ತದೆ."

"ನಾನು ಯಾವಾಗ ಮರಿ ಹಾಕಿದ್ನಪ್ಪ" ಅಂದರು ಕಾಂಪೌಂಡರು ಏದುಸಿರಿನಲ್ಲೇ. ಎಲ್ಲರೂ ನಕ್ಕೆವು, ಅವರು ತುದಿ ಮುಟ್ಟಿದರು.

ತುದಿಯಲ್ಲಿ ಮಾತ್ರ ಒಂದು ಕಿರಿಕಿರಿ ನಡೆಯಿತು. ರುದ್ರಮುನಿ ಮೇಷ್ಟ್ರು ಸೀಟಿ ಊದಿ, ಎಲ್ಲರೂ ಸಾಲಾಗಿ ನಿಂತು ಒಂದು ಎರಡು ಅಂತ ಹೇಳಬೇಕು ಅಂದರು. ಆರರ ತನಕ ಬಂತು. ಏಳನೆಯವನು ಬೀರಣ್ಣ, ಅವನು "ಬೀರ" ಅಂದ.

"ಏಳು ಅನ್ನು."

"ನಾನು ಬೀರ ಸಾ. ಇಲ್ಲೇ ಅದೀನಿ, ಕಾಣ್ತೀನಲ್ಲ."

ಎರಡನೆಯ ಸಲವೂ ಹಾಗೇ ಆಯಿತು. ಮೇಷ್ಟ್ರ ಮುಖ ಕೆಂಪಾಯಿತು. "ಹಿಮಾಲಯದಾಗೆ ನಿನ್ನ ಈ ಕುರಿ ಶಾಸ್ತ್ರ ನಡೆಯಲ್ಲ ಬೀರಾ. ಅಲ್ಲಿ ಒಬ್ಬ ತಪ್ಪಿದ್ರೆ ಹೆಣ" ಅಂದವರೇ ನನ್ನ ಕಡೆ ತಿರುಗಿದರು. "ನೀನು ಎಣಿಕೆ ನೋಡ್ಕ. ಎಲ್ಲಿ ನಿಂತ್ರೂ, ಎಲ್ಲಿಂದ ಹೊರಟ್ರೂ ಎಣಿಸು. ಅದು ನಿನ್ನ ಜವಾಬ್ದಾರಿ."

ಇಳಿಯುವಾಗ ಬೀರಣ್ಣ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ: "ಎಣಿಸ್ರಿ ಸಾ, ಬ್ಯಾಡ ಅನ್ನಲ್ಲ. ಎಣಿಸಿದ್ಮೇಲೆ ಒಂದು ಸಲ ಮುಖಾನೂ ನೋಡ್ಬಿಡ್ರಿ."

ಆಷಾಢದ ಒಂದು ಭಾನುವಾರ ಜೋಗಿಮಟ್ಟಿಗೆ ಹೊರಟೆವು. ಕೊನೆಯ ಪರೀಕ್ಷೆ ಅದು. ಮೋಡ ಬೆಟ್ಟದ ಮೇಲೆಯೇ ಕೂತಿತ್ತು, ಗಾಳಿ ನಿಂತಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ, ಜೊತೆಗೆ ತುಂತುರು. ಏಳೂ ಜನ ಕಂಬಳಿ ಕೊಪ್ಪೆ ಹಾಕಿಕೊಂಡೆವು. ತುದಿಗೆ ಹೋಗಿ, ಬುತ್ತಿ ಬಿಚ್ಚಿ ಉಂಡು, ಇಳಿಯುವಾಗ ಮಧ್ಯಾಹ್ನ ಮೂರಾಗಿತ್ತು. ಕೊನೆಯ ಬಸ್ಸು ಐದಕ್ಕೆ. ದಾರಿ ಸರಿಯಿದೆಯಾ ನೋಡಿ ಬರಲು ಬೀರಣ್ಣ ಮುಂದೆ ಹೋದ.

ಒಂದು ಕಡೆ ಮೋಡ ಸರಿದು ಕೆಳಗಿನ ಬಂಡೆಗಳು ಕಂಡವು. ಗೋಪಾಲಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು ಚೀಲದಿಂದ ಪುಸ್ತಕ ತೆಗೆದರು. ಬಡಕಲು ದೇಹದ, ಹೆಚ್ಚು ಮಾತಿಲ್ಲದ ಮನುಷ್ಯ. ಪೆನ್ಸಿಲು ಕೈಗೆ ಬಂದರೆ ಕರೆದರೂ ಕೇಳಿಸದು.

"ಐದು ನಿಮಿಷ ಕಣೋ. ಬಂದೆ, ನಡೀರಿ" ಅಂದರು ನನಗೆ.

ನಾವು ನಡೆದೆವು. ಸ್ವಲ್ಪ ದೂರದಲ್ಲಿ ಮಳೆ ಜೋರಾಯಿತು. ಒಂದು ದೊಡ್ಡ ಬಂಡೆಯ ಚಾಚಿನ ಕೆಳಗೆ ಎಲ್ಲರೂ ಒತ್ತಿಕೊಂಡು ಕೂತರು. ಜಾಗ ಸಾಲದೆ ನಾನು ಆಚೆ ಒಂದು ಮರಕ್ಕೆ ಆತು ನಿಂತೆ. ಕಾಲು ಗಂಟೆಗೆ ಮಳೆ ಸಣ್ಣಗಾಯಿತು. ಮುಂದೆ ಹೋಗಿದ್ದ ಬೀರಣ್ಣ ಮೇಲೆ ಹತ್ತಿ ಬಂದ.

"ಹಳ್ಳ ಏರ್ತಾ ಐತೆ. ಈಗಲೇ ದಾಟಬೇಕು. ಎಲ್ಲಾ ಬಂದವ್ರಾ ಸಾ?"

ನಾನು ಮರದ ಬುಡದಿಂದಲೇ ಎಣಿಸಿದೆ. ಬಂಡೆಯ ಕೆಳಗೆ ಐದು ಕರಿ ಕೊಪ್ಪೆ. ನಾನು, ಬೀರಣ್ಣ. ಏಳು. ಎಣಿಕೆ ಸರಿಹೋಯಿತಲ್ಲ, ಗೋಪಾಲಪ್ಪ ಮಳೆಯ ನಡುವೆ ಬಂದು ಸೇರಿಕೊಂಡಿದ್ದಾರೆ ಎಂದುಕೊಂಡೆ.

"ಏಳೂ ಅದೀವಿ" ಅಂದೆ.

ಬೀರಣ್ಣ ಬಂಡೆಯ ಕಡೆಗೆ ಎರಡು ಹೆಜ್ಜೆ ಹಾಕಿದ. ಬಗ್ಗಿ ಕೊಪ್ಪೆಗಳ ಒಳಗೆ ನೋಡಲು ಹೊರಟಿದ್ದ. ರುದ್ರಮುನಿ ಮೇಷ್ಟ್ರು ಎದ್ದು ನಿಂತರು. "ಎಣಿಸಿ ಆಯ್ತಲ್ಲ ಬೀರಾ. ನಿನ್ನ ಶಾಸ್ತ್ರಕ್ಕೆ ಕಾಯ್ತಾ ಕುಂತ್ರೆ ಹಳ್ಳಾನೂ ಸಿಗಲ್ಲ, ಬಸ್ಸೂ ಸಿಗಲ್ಲ."

ಆಗಲೂ ಅವನು ನಿಲ್ಲುತ್ತಿರಲಿಲ್ಲ. ಅವನನ್ನು ನಿಲ್ಲಿಸಿದವನು ನಾನು. ನಗುತ್ತಲೇ, ಸಲುಗೆಯಿಂದಲೇ ಅಂದೆ: "ಯಾಕೆ ಬೀರಣ್ಣ, ನನ್ನ ಎಣಿಕೆ ಮೇಲೆ ನಂಬಿಕೆ ಇಲ್ವಾ?"

ಅವನು ನನ್ನ ಮುಖ ನೋಡಿದ. "ನೀವು ಹೇಳಿದ್ಮೇಲೆ ಮುಗೀತಲ್ಲ ಸಾ" ಅಂದು ತಿರುಗಿ, ನಮ್ಮ ಮುಂದೆ ಇಳಿಯತೊಡಗಿದ.

ಹಳ್ಳ ದಾಟಿ, ಮೋಡದಲ್ಲಿ ಒಬ್ಬರ ಬೆನ್ನು ಒಬ್ಬರು ಹಿಡಿದು ರಸ್ತೆಗೆ ಬಂದೆವು. ಬಸ್ಸು ಇನ್ನೂ ಬಂದಿರಲಿಲ್ಲ. ಎಲ್ಲರೂ ಕೊಪ್ಪೆ ತೆಗೆದು ಕಂಬಳಿ ಕೊಡವುತ್ತಿದ್ದರು. ಬೀರಣ್ಣ ಒಂದು ಸುತ್ತು ಕಣ್ಣಾಡಿಸಿದ.

"ಡ್ರಾಯಿಂಗ್ ಮೇಷ್ಟ್ರೆಲ್ಲಿ?"

ನಾನು ಮತ್ತೆ ಎಣಿಸಿದೆ. ಆರು. ಇನ್ನೊಂದು ಸಲ ಎಣಿಸಿದೆ. ಬಂಡೆಯ ಕೆಳಗೆ ಕೂತಿದ್ದ ಐದನೆಯವನು ಯಾರು ಎಂಬುದು ಮಾರನೆಯ ದಿನ ತಿಳಿಯಿತು. ಹತ್ತಿರದ ಹಟ್ಟಿಯ ಒಬ್ಬ ಸೌದೆಯವನು, ನಮಗಿಂತ ಮೊದಲೇ ಬಂದು ಅಲ್ಲಿ ಮಳೆಗೆ ಮರೆ ನಿಂತಿದ್ದ. ಅವನದೂ ಕರಿ ಕಂಬಳಿಯೇ. ಸೀಟಿ ನೋಡಿ ನಮ್ಮನ್ನು ಅರಣ್ಯ ಇಲಾಖೆಯವರು ಎಂದುಕೊಂಡು, ಕದ್ದು ಕಡಿದ ಸೌದೆ ಹೊರೆಯನ್ನು ಹಿಂದಕ್ಕೆ ತಳ್ಳಿ, ತಲೆ ಬಗ್ಗಿಸಿ ಉಸಿರು ಬಿಗಿಹಿಡಿದು ಕೂತಿದ್ದನಂತೆ. ಅವನ ಪಕ್ಕ ಒತ್ತಿಕೊಂಡು ಕೂತಿದ್ದ ಕಾಂಪೌಂಡರು ಅವನನ್ನು ಗೋಪಾಲಪ್ಪನೆಂದೇ ತಿಳಿದು, ಚಳಿ ಅಲ್ವಾ ಮೇಷ್ಟ್ರೇ ಎಂದು ಮಾತಾಡಿಸಿದ್ದರಂತೆ. ಉತ್ತರ ಬರದಿದ್ದುದು ಅವರಿಗೆ ವಿಶೇಷ ಅನ್ನಿಸಿರಲಿಲ್ಲ. ನಾವು ಎದ್ದು ಹೊರಟಾಗ ಅವನು ಬಂಡೆಯ ಕೆಳಗೇ ಉಳಿದದ್ದನ್ನು ಆ ಮೋಡದಲ್ಲಿ ಯಾರೂ ಗಮನಿಸಿರಲಿಲ್ಲ.

ರುದ್ರಮುನಿ ಮೇಷ್ಟ್ರು ಜನ ಕರೆತರಲು ಬಸ್ಸು ಹತ್ತಿದರು. ಬೀರಣ್ಣ ಯಾರ ಜೊತೆಗೂ ಮಾತಾಡದೆ ತಿರುಗಿ ಕಾಡಿಗೆ ಹೊರಟ. ನಾನೂ ಬರುತ್ತೇನೆಂದು ಹಿಂದೆ ಹೋದೆ. ಹಳ್ಳ ಆಗಲೇ ಸೊಂಟದ ಮಟ್ಟಕ್ಕೆ ಬಂದಿತ್ತು. "ನೀವು ಇಲ್ಲೇ ಇರ್ರಿ. ಇನ್ನೊಬ್ರನ್ನ ಹುಡುಕಾಕೆ ನನ್ನ ಕೈಲಾಗಲ್ಲ" ಅಂದು ದಾಟಿ ಹೋದ.

ಗೋಪಾಲಪ್ಪ ಸಿಕ್ಕಿದರು. ಅವಸರದಲ್ಲಿ ನಮ್ಮನ್ನು ಹಿಡಿಯಲು ಓಡಿ, ಪಾಚಿಗಟ್ಟಿದ ಬಂಡೆಯಲ್ಲಿ ಜಾರಿ ಎರಡು ಕಲ್ಲುಗಳ ನಡುವಿನ ಸಂದಿಗೆ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಒಬ್ಬನೇ ಎತ್ತಲಾಗದೆ ಬೀರಣ್ಣ ತನ್ನ ಕಂಬಳಿಯನ್ನೂ ಅವರಿಗೇ ಹೊದಿಸಿ, ಕರಡಿ ಬಾರದಂತೆ ಬೆಳಗಿನ ತನಕ ಕಲ್ಲಿಗೆ ಕಲ್ಲು ಕುಟ್ಟುತ್ತಾ ಕೂತಿದ್ದ. ಬೆಳಿಗ್ಗೆ ನಾವು ಜನ ಕರೆದುಕೊಂಡು ಹೋದಾಗ ಆ ಸದ್ದೇ ನಮಗೆ ದಾರಿ ತೋರಿಸಿತು.

ಮೂರನೆಯ ದಿನ ಹೆಡ್ಮಾಸ್ತರು ನಮ್ಮನ್ನು ತಮ್ಮ ಕೋಣೆಗೆ ಕರೆಸಿದರು. ರುದ್ರಮುನಿ ಮೇಷ್ಟ್ರು, ನಾನು, ಬೀರಣ್ಣ. ಬೀರಣ್ಣನನ್ನು ಖಾಯಂ ಮಾಡುವ ಕಡತ ಅದೇ ತಿಂಗಳು ಅವರ ಮೇಜಿನ ಮೇಲಿತ್ತು. ಅದು ನಮಗೆ ಮೂವರಿಗೂ ಗೊತ್ತಿತ್ತು.

"ಒಬ್ಬ ಮೇಷ್ಟ್ರನ್ನ ಕಾಡಿನಾಗೆ ಬಿಟ್ಟು ಬಂದೀರಿ. ಜನ ಎಲ್ಲಾ ಬಂದವ್ರಾ ಇಲ್ವಾ ನೋಡ್ಕಳೋ ಕೆಲಸ ಯಾರ್ದು?" ಅಂದರು ಹೆಡ್ಮಾಸ್ತರು.

ರುದ್ರಮುನಿ ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಹೇಳಲಿ ಎಂದು ಕಾದರೋ, ನನ್ನನ್ನು ಉಳಿಸಲು ಹೊರಟರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೊನೆಗೆ ಅಂದರು: "ದಾರಿ ತೋರ್ಸೋನು ಬೀರ. ಹಿಂದೆ ಮುಂದೆ ನೋಡ್ಕಳೋದು ಅವನ ಕೆಲಸಾನೇ."

"ಹೌದೇನಪ್ಪ ಬೀರಣ್ಣ?"

ಬೀರಣ್ಣ ಟವಲು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. "ಮುಖ ನೋಡಬೇಕಾದೋನು ನಾನು ಸಾ. ನೋಡ್ಲಿಲ್ಲ" ಅಂದ.

ಅವನು ಹೇಳಿದ್ದು ಅಷ್ಟೇ. ಯಾಕೆ ನೋಡಲಿಲ್ಲ ಎಂದು ಹೆಡ್ಮಾಸ್ತರು ಕೇಳಲಿಲ್ಲ. ಕೇಳಿದ್ದರೆ ಅವನು ಏನನ್ನುತ್ತಿದ್ದನೋ. ಹೇಳಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ನಾನು ಎಣಿಸಿದೆ, ನಾನು ತಡೆದೆ. ಎರಡೇ ಮಾತು. ಮೇಜಿನ ಮೇಲೆ ಒಂದು ಗಾಜಿನ ಗುಂಡು ಕಾಗದದ ಮೇಲೆ ಕೂತಿತ್ತು, ನಾನು ಅದನ್ನೇ ನೋಡುತ್ತಾ ನಿಂತೆ. ನನಗೆ ಆಗ ಇಪ್ಪತ್ತಾರು ವರ್ಷ, ಕೆಲಸ ಹೋದರೆ ಅಜ್ಜಿಯ ಮುಂದೆ ಹೇಗೆ ನಿಲ್ಲುವುದು ಎಂಬುದೊಂದೇ ತಲೆಯಲ್ಲಿತ್ತು. ಹೆಡ್ಮಾಸ್ತರು ಏನೋ ಬರೆದರು. ಬೀರಣ್ಣ ನಮಸ್ಕಾರ ಮಾಡಿ ಹೊರಗೆ ಹೋದ. ಬಾಗಿಲ ಹತ್ತಿರ ಅವನು ಸ್ವಲ್ಪ ನಿಧಾನ ಮಾಡಿದಂತೆ ಅನ್ನಿಸಿತು. ಚಪ್ಪಲಿ ಹುಡುಕುತ್ತಿದ್ದಾನೆ ಎಂದುಕೊಂಡೆ.

ಕಡತ ಹಾಗೇ ವಾಪಸು ಹೋಯಿತು. ತಿಂಗಳ ಕೊನೆಗೆ ಬೀರಣ್ಣನಿಗೆ ಬರುವುದು ಬೇಡ ಅಂದರು. ಅವನು ಹೋಗುವ ದಿನ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಬೇಕೆಂದೇ ಹೋಗಿದ್ದೆ.

ದಸರೆಗೆ ಮೊದಲು ಸಿಕ್ಕಿಂನಿಂದ ಪರವಾನಗಿ ಬಂತು, ಏಳೂ ಹೆಸರುಗಳಿಗೆ. ರುದ್ರಮುನಿ ಮೇಷ್ಟ್ರು ಅದನ್ನು ಓದಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಗೋಡೆಯ ಚಿತ್ರ ಯಾರು ಕಿತ್ತರೋ, ಅಂಟಿನ ಗುರುತು ಮಾತ್ರ ಉಳಿಯಿತು. ಸೀಟಿ ಅವರ ಕೊರಳಲ್ಲಿ ಮತ್ತೆ ಕಾಣಲಿಲ್ಲ.

ರಜ ಮುಗಿದ ಮೇಲೆ ಗೋಪಾಲಪ್ಪ ಕೋಲೂರಿಕೊಂಡು ಶಾಲೆಗೆ ಬಂದರು. ಒಂದು ಕಾಲು ಗಿಡ್ಡವಾಗಿತ್ತು. ಮೊದಲ ಗಂಟೆ ಬಡಿದಾಗ ತಲೆ ಎತ್ತಿ ಕೇಳಿದರು: "ಇದು ಬೀರಣ್ಣನ ಕೈ ಅಲ್ಲ. ಎಲ್ಲಿ ಅವನು?"

ಹೇಳಿದೆ. ಅವರು ಕೋಲನ್ನು ಮೇಜಿಗೆ ಒರಗಿಸಿದರು. ಆಮೇಲೆ ಕೋಪವಿಲ್ಲದೆ, ನಿಜಕ್ಕೂ ಅರ್ಥವಾಗದವರ ಹಾಗೆ ಕೇಳಿದರು: "ಅಲ್ಲ ಕಣೋ, ಎಣಿಸ್ತಿದ್ದೋನು ನೀನಲ್ವೇನೋ?"

ಆ ಮಧ್ಯಾಹ್ನವೇ ಕೂತು ಬರೆದೆ. ನಡೆದದ್ದೆಲ್ಲ, ಬಂಡೆಯ ಹತ್ತಿರ ನಾನಾಡಿದ ಮಾತನ್ನೂ ಸೇರಿಸಿ, ಸಹಿ ಹಾಕಿ ಹೆಡ್ಮಾಸ್ತರಿಗೆ ಕೊಟ್ಟೆ. ಅವರು ಎರಡು ಸಲ ಓದಿದರು.

"ಆ ಜಾಗಕ್ಕೆ ಬೇರೆಯೋನು ಬಂದು ಆಯ್ತಲ್ಲಪ್ಪ. ಇದನ್ನ ಇಟ್ಕಳ್ಳೋದೋ, ನಿಂಗೆ ವಾಪಸ್ ಕೊಡೋದೋ?"

"ಇಟ್ಕಳ್ರಿ ಸಾರ್" ಅಂದೆ. ಕೆಲಸ ಹೋಗುತ್ತದೆ ಎಂದುಕೊಂಡೇ ಅಂದೆ. ಹೋಗಲಿಲ್ಲ. ವಾರ ಕಳೆದ ಮೇಲೆ ನನ್ನ ಕೈಗೆ ಬಂದದ್ದು ಒಂದು ಎಚ್ಚರಿಕೆ ಪತ್ರ, ನಾಲ್ಕು ಸಾಲಿನದು. ಅದನ್ನು ಹಿಡಿದು ನಿಂತಾಗ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ. ಆ ದಿನ ಆ ಕೋಣೆಯಲ್ಲಿ ಬಾಯಿ ಬಿಟ್ಟಿದ್ದರೆ ನನಗೆ ಆಗುತ್ತಿದ್ದುದೂ ಇಷ್ಟೇ.

ಭಾನುವಾರ ಮದಕರಿಪುರಕ್ಕೆ ಹೋದೆ. ಬೀರಣ್ಣ ಯಾರದೋ ಮಂದೆ ಕಾಯಲು ಸೇರಿ ಹೊಸದುರ್ಗದ ಕಡೆ ಹೋಗಿದ್ದಾನೆಂದು ಅವನ ಹೆಂಡತಿ ಹೇಳಿದಳು. ಮುಂದಿನ ಭಾನುವಾರ ಹೊಸದುರ್ಗದ ಬಸ್ಸು ಹತ್ತಿ, ಅವರಿವರನ್ನು ಕೇಳಿಕೊಂಡು ನಡೆದೆ. ಕುಯ್ಲಾದ ಒಂದು ರಾಗಿ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ತರುಬಿ ನಿಲ್ಲಿಸಿದ್ದರು. ದೂರದಿಂದಲೇ ಅವನು ನನ್ನನ್ನು ಕಂಡ. ನಾನು ಬೇಲಿ ಮುಟ್ಟುವಷ್ಟರಲ್ಲಿ ನಾಯಿಯನ್ನು ಹಿಡಿದುಕೊಂಡಿದ್ದ.

"ಬರ್ರಿ ಸಾ. ಕುಂತ್ಕಳ್ರಿ. ಅಜ್ಜಿ ಹೆಂಗವ್ರೆ?"

ಸೊರಗಿದ್ದ. ಆದರೆ ಕುರಿಗಳ ನಡುವೆ ಅವನ ನಡಿಗೆ ಬೇರೆಯೇ ಇತ್ತು, ಶಾಲೆಯಲ್ಲಿ ನಾನು ಅದನ್ನು ನೋಡಿರಲಿಲ್ಲ. ರೊಟ್ಟಿ ಬಿಚ್ಚಿ ಅರ್ಧ ನನಗೆ ಕೊಟ್ಟ. ನಾನು ಹೆಡ್ಮಾಸ್ತರಿಗೆ ಬರೆದದ್ದರ ನಕಲು ತೆಗೆದು ಅವನಿಗೆ ಓದಿ ಹೇಳಿದೆ. ಎಣಿಸಿದ್ದು ನಾನು, ತಡೆದದ್ದು ನಾನು, ಬೀರಣ್ಣನ ತಪ್ಪಿಲ್ಲ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ಇದನ್ನ ಯಾವಾಗ ಕೊಟ್ರಿ?"

"ಈಗ ಹದಿನೈದು ದಿನ ಆಯ್ತು."

"ಹ್ಞೂಂ" ಅಂದ. ಕೈಯಲ್ಲಿದ್ದ ರೊಟ್ಟಿಯನ್ನು ಬಟ್ಟೆಯ ಮೇಲಿಟ್ಟು ಅಂದ: "ಅವತ್ತು ಆ ರೂಮಿನಾಗೆ ನೀವು ಹೇಳ್ತೀರ ಅಂತ ಕಾದೆ ಸಾ. ನಾನಾಗಿ ನಿಮ್ಮ ಹೆಸರು ಎತ್ತಬಾರದು, ನೀವಾಗೇ ಅಂತೀರ ಅಂತ. ಬಾಗ್ಲು ದಾಟೋ ತನಕ ಕಾದೆ. ಬಾಗ್ಲಾಗೂ ಒಂಚೂರು ನಿಂತೆ."

ನಾನು ಕಾಗದ ಮಡಿಚಿದೆ.

"ಕೆಲಸ ಹೋಗಿದ್ದಕ್ಕಲ್ಲ. ಕುರಿ ಕಾಯೋನಿಗೆ ಕುರಿ ಎಲ್ಲಿದ್ರೂ ಸಿಗ್ತವೆ. ಡ್ರಾಯಿಂಗ್ ಮೇಷ್ಟ್ರು ಅವತ್ತು ಕಲ್ಲಿನ ಸಂದ್ಯಾಗೆ ನನ್ನ ಕೈ ಹಿಡ್ಕಂಡು, ಯಾಕ್ ಬಿಟ್ಟು ಹೋದ್ರಿ ಬೀರಣ್ಣ ಅಂತ ಕೇಳಿದ್ರು. ನೋವಿನಾಗೆ ಅದನ್ನೇ ಕೇಳ್ತಿದ್ರು. ನಾನೇನು ಹೇಳ್ಲಿ ಸಾ ಅವ್ರಿಗೆ?"

ಕುರಿಗಳು ಎದ್ದು ಸರಿದಾಡತೊಡಗಿದವು. ಅವನು ಹೋಗಿ ಅವುಗಳನ್ನು ತಿರುಗಿಸಿ ಬಂದ. ನಾನು ಕಾಗದ ಚಾಚಿದೆ. "ಇದು ನಿನ್ನ ಹತ್ರ ಇರಲಿ ಬೀರಣ್ಣ."

"ಓದಾಕೆ ಬರಲ್ಲ, ಏನ್ ಮಾಡ್ಲಿ. ನಿಮ್ಮ ತಾವಲೇ ಇರಲಿ."

ಬಸ್ಸಿನ ರಸ್ತೆಯ ತನಕ ನನ್ನ ಜೊತೆ ಬಂದ. ದಾರಿಯಲ್ಲಿ ಹುಡುಗರ ಸುದ್ದಿ ಕೇಳಿದ. ಕಿವಿ ಸೋರುವ ಹುಡುಗನಿಗೆ ಔಷಧ ಹಾಕಿಸಿದರಾ ಎಂದು ವಿಚಾರಿಸಿದ. ಧೂಳೆಬ್ಬಿಸಿಕೊಂಡು ಬಸ್ಸು ಬರುವುದು ಕಾಣಿಸಿತು. ನಾನು ಮುಂದಿನ ತಿಂಗಳು ಮತ್ತೆ ಬರುತ್ತೇನೆ ಅಂದೆ. ಅವನು ನನ್ನ ತೋಳು ಹಿಡಿದ, ಬಿಗಿಯಾಗೇನೂ ಅಲ್ಲ.

"ಇನ್ನ ಬರಾಕೆ ಹೋಗಬ್ಯಾಡ್ರಿ ಸಾ. ನೀವು ಬಂದು ಇಂಗೆ ಮುಖ ಸಣ್ಣದು ಮಾಡ್ಕಂಡು ಕುಂತ್ರೆ, ಇರ್ಲಿ ಬಿಡ್ರಿ, ಪರವಾಗಿಲ್ಲ ಅನ್ಬೇಕಾಗ್ತದೆ ನಾನು. ಅದು ಸುಳ್ಳಾಗ್ತದೆ."

ಬಸ್ಸು ನಿಂತಿತು. ಹತ್ತಿದೆ.

ಮುಂದಿನ ವರ್ಷ ನನಗೆ ಹಿರಿಯೂರಿಗೆ ವರ್ಗವಾಯಿತು. ಬೇಸಿಗೆಯಲ್ಲಿ ನಮ್ಮ ಶಾಲೆಯ ಹಿಂದಿನ ಬಯಲಿನಲ್ಲಿ ಮಂದೆಗಳು ಬಂದು ಇಳಿಯುತ್ತಿದ್ದವು. ಅಲ್ಲಿ ನಾನು ಕಂಡ ಎರಡನೆಯ ಬೇಸಿಗೆಯಲ್ಲಿ ಬಂದ ಒಂದು ಮಂದೆಯ ಕುರಿಗಾರ ಮದಕರಿಪುರದವನು. ಬೀರಣ್ಣ ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಹೋದ, ಹೊಲದಲ್ಲೇ ಹೋದ ಎಂದು ಅವನು ಹೇಳಿದ. ನಾನು ಯಾರು, ಬೀರಣ್ಣನಿಗೆ ಏನಾಗಬೇಕು ಎಂದು ಕೇಳಿದ. ಒಂದೇ ಶಾಲೆಯಲ್ಲಿದ್ದೆವು ಅಂದೆ. ಅದಕ್ಕಿಂತ ಹೆಚ್ಚಿನದನ್ನು ಅವನ ಮುಂದೆ ಹೇಳಲು ಆ ದಿನವೂ ನನ್ನಿಂದ ಆಗಲಿಲ್ಲ.